ಓದದೆ ಒತ್ತಿದ ಸರಿ

ಅವನು ಮಾಡಿದ ತಪ್ಪು ಇಷ್ಟೇ. ಹದಿನೆಂಟು ವರ್ಷಗಳ ಹಿಂದೆ ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಮೊದಲ ಕಂಪ್ಯೂಟರ್ ಬಂದ ವಾರ ಅದು ಆನ್ ಆಗುತ್ತಿಲ್ಲವೆಂದು ಇಡೀ ಕಚೇರಿ ಸುತ್ತ ನಿಂತು ತಲೆ ಕೆರೆದುಕೊಳ್ಳುತ್ತಿತ್ತು. ಇವನು ಮೇಜಿನ ಕೆಳಗೆ ಬಗ್ಗಿ, ಸಡಿಲವಾಗಿದ್ದ ಪ್ಲಗ್ಗನ್ನು ಒತ್ತಿಬಿಟ್ಟ. ಪರದೆ ಬೆಳಗಿತು. ಮುಖ್ಯ ಗುಮಾಸ್ತರು ಬೆನ್ನು ತಟ್ಟಿ, “ನಿಂಗೆ ಇದೆಲ್ಲ ಬರುತ್ತೆ ಅಂತ ಹೇಳ್ಲೇ ಇಲ್ವಲ್ಲಯ್ಯ” ಅಂದರು. ಬರೋದಿಲ್ಲ ಸಾರ್, ಬರೀ ಪ್ಲಗ್ಗು ಅನ್ನಲು ಇವನು ಬಾಯಿ ತೆರೆಯುವಷ್ಟರಲ್ಲಿ ಎಲ್ಲರೂ ತಂತಮ್ಮ ಕುರ್ಚಿಗೆ ಹೋಗಿಯಾಗಿತ್ತು. ಅವತ್ತಿನಿಂದ ಅವನ ಹೆಸರು ರಿಪೇರಿ.

ಹೇಳಿಕೊಳ್ಳಲು ಅವನದು ಗುಮಾಸ್ತಿಕೆ. ಹಳೆಯ ರೋಗಿ ಬಂದರೆ ಕಡತ ಹುಡುಕಿ ಡಾಕ್ಟರ ಮೇಜಿಗೆ ಕಳಿಸಬೇಕು, ಸಂಜೆ ವಾಪಸು ಬಂದದ್ದನ್ನು ಅದರದೇ ಜಾಗದಲ್ಲಿ ಇಡಬೇಕು. ನೆಲದಿಂದ ಸೂರಿನವರೆಗೆ ಕಬ್ಬಿಣದ ಕಪಾಟುಗಳಿದ್ದ ಆ ಕೋಣೆಯಲ್ಲಿ ಇಪ್ಪತ್ತೇಳು ವರ್ಷ ಏಣಿ ಹತ್ತಿ ಇಳಿದು ಅವನ ಮಂಡಿಗಳು ಸವೆದಿದ್ದವು. ಆದರೆ ಆ ಕೆಲಸಕ್ಕೆ ಅವನನ್ನು ಕೇಳುವವರಿರಲಿಲ್ಲ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಾಗ, ಮೌಸು ಮೊಂಡು ಹಿಡಿದಾಗ, ಪಾಸ್‌ವರ್ಡ್ ಮರೆತಾಗ ಮಾತ್ರ ಜನಕ್ಕೆ ಅವನು ನೆನಪಾಗುತ್ತಿದ್ದ. ಎಕ್ಸ್‌ರೇಯವರು, ಔಷಧ ಉಗ್ರಾಣದವರು, ಕೊನೆಗೆ ಹೆರಿಗೆ ವಾರ್ಡಿನ ನರ್ಸುಗಳೂ “ರಿಪೇರಿನ ಕರೀರಿ” ಅನ್ನುವವರೇ. ಇದಕ್ಕೆಂದೇ ನೇಮಿಸಿದ ಒಬ್ಬ ಎಂಜಿನಿಯರ್ ಇದ್ದ. ಪುಣ್ಯಾತ್ಮ ಫೋನ್ ಎತ್ತುತ್ತಿರಲಿಲ್ಲ.

ಹೇಳಿಕೊಟ್ಟವರು ಯಾರೂ ಇಲ್ಲ, ಒತ್ತಿ ಒತ್ತಿ ಕಲಿತ. ಹಾಗೆ ಕಲಿತದ್ದರಲ್ಲಿ ಬಹಳ ಉಪಯೋಗಕ್ಕೆ ಬಂದದ್ದು ಒಂದು. ಪರದೆಯ ಮೇಲೆ ಉದ್ದುದ್ದ ಇಂಗ್ಲಿಷಿನ ಒಂದು ಚೌಕ ಎದ್ದು ನಿಲ್ಲುತ್ತದೆ, ಅದರ ಕೆಳಗೆ ಎರಡು ಗುಂಡಿಗಳಿರುತ್ತವೆ. ಎಡಗಡೆಯದು ಓಕೆ. ಒತ್ತಿದರೆ ಚೌಕ ಮಾಯವಾಗುತ್ತದೆ, ಕೆಲಸ ಮುಂದೆ ಹೋಗುತ್ತದೆ. ಆ ಗುಂಡಿಯನ್ನು ಅವನು ಮನಸ್ಸಿನಲ್ಲಿ ‘ಸರಿ’ ಎಂದು ಕರೆಯುತ್ತಿದ್ದ. ಯಂತ್ರ ಏನೋ ಕೇಳುತ್ತದೆ, ನಾವು ಸರಿ ಅನ್ನಬೇಕು, ಅದು ತೆಪ್ಪಗಾಗುತ್ತದೆ. ಕೇಳಿದ್ದು ಏನು ಅಂತ ಓದುತ್ತ ಕೂತರೆ ದಿನ ಸಾಗುತ್ತದೆಯೇ?

ಬದುಕೂ ಹಾಗೇ ಸಾಗಿತ್ತು ಅನ್ನಿ. ಮುಖ್ಯ ಗುಮಾಸ್ತರು ರಜೆ ಮುಂದಕ್ಕೆ ಹಾಕು ಅಂದರೆ ಸರಿ. ಎದುರು ಮನೆಯವರು ಒಂದು ನಿಮಿಷ ಬಂದು ಟಿವಿ ನೋಡಿ ಅಂದರೆ ಸರಿ. ಹೋದ ವರ್ಷ ಹೆಂಡತಿ, “ಹಾಗಾದ್ರೆ ಈ ಸಲವೂ ಎಲ್ಲಿಗೂ ಹೋಗೋದು ಬೇಡ್ವಾ?” ಅಂದಾಗ ಅದಕ್ಕೂ ಸರಿ ಅಂದುಬಿಟ್ಟ. ಅವಳು ಮೂರು ದಿನ ಮಾತು ಬಿಟ್ಟಳು. ಯಾಕೆಂದು ಅವನಿಗೆ ತಿಳಿದದ್ದು ನಾಲ್ಕನೆಯ ದಿನ. ಕೆಟ್ಟವನಲ್ಲ, ಸುಸ್ತಾದವನು. ಐವತ್ತೆರಡಕ್ಕೆ ಅಷ್ಟು ಸುಸ್ತಾಗಬಾರದು, ಆದರೆ ಆಗಿತ್ತು.

ಆ ಭಾನುವಾರ ಬೆಳಿಗ್ಗೆ ಅಕ್ಕನ ಮೆಸೇಜ್ ಬಂತು. ‘ಬಿಡುವಿದ್ದರೆ ಬಾ. ಕಂಪ್ಯೂಟರ್. ಬಿಡುವಿಲ್ಲದಿದ್ದರೆ ಬೇಡ.’

ಅವನು ಫೋನನ್ನು ಮಗುಚಿಟ್ಟು ಸ್ವಲ್ಪ ಹೊತ್ತು ಗೋಡೆ ನೋಡಿದ. ವಾರಕ್ಕೊಂದು ಭಾನುವಾರ, ಅದರಲ್ಲೂ ಕಂಪ್ಯೂಟರ್. ಬೇರೆ ಯಾರಾದರೂ ಆಗಿದ್ದರೆ ಜ್ವರ ಅಂದುಬಿಡುತ್ತಿದ್ದ. ಅಕ್ಕನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ, ಹೇಳಿದರೂ ದಕ್ಕುತ್ತಿರಲಿಲ್ಲ.

ಅಕ್ಕ ಅವನಿಗಿಂತ ಆರು ವರ್ಷ ದೊಡ್ಡವಳು. ಅಮ್ಮನಿಗೆ ನೂಲಿನ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಆದ್ದರಿಂದ ಅವನನ್ನು ಎಬ್ಬಿಸಿ, ಮುಖ ತೊಳೆಸಿ, ಕಿವಿ ಹಿಂಡಿ ಶಾಲೆಗೆ ಎಳೆದುಕೊಂಡು ಹೋದವಳು ಅಕ್ಕನೇ. ಮುಂದೆ ಅವಳು ಶಾಲೆಯಲ್ಲೇ ಉಳಿದಳು. ಮೂವತ್ತೊಂದು ವರ್ಷ ಏಳನೇ ತರಗತಿಗೆ ವಿಜ್ಞಾನ ಹೇಳಿಕೊಟ್ಟಳು. ಅರವತ್ತು ಮಕ್ಕಳ ಗಲಾಟೆಯ ಮೇಲೆ ಏರಿ ನಿಲ್ಲುತ್ತಿದ್ದ ದನಿ ಅವಳದು. ಪಕ್ಕದ ಕ್ಲಾಸಿನ ಮೇಷ್ಟ್ರು ತಮ್ಮ ಮಕ್ಕಳಿಗೆ ಉಸಿರಾಟದ ಪಾಠ ಬೇರೆ ಮಾಡಬೇಕಾಗಿಲ್ಲ, ಗೋಡೆಯಾಚೆಯಿಂದಲೇ ಆಗಿದೆ ಎಂದು ತಮಾಷೆ ಮಾಡುತ್ತಿದ್ದರಂತೆ. ಮೂರು ವರ್ಷದ ಹಿಂದೆ ಗಂಟಲಲ್ಲಿ ಗಡ್ಡೆ ಕಂಡಿತು. ಜೀವ ಉಳಿಯಬೇಕಾದರೆ ದನಿಪೆಟ್ಟಿಗೆ ತೆಗೆಯಬೇಕು ಅಂದರು ಡಾಕ್ಟರು. ತೆಗೆದರು. ಜೀವ ಉಳಿಯಿತು. ಈಗ ಅವಳು ಕುತ್ತಿಗೆಗೆ ತೆಳು ಬಟ್ಟೆ ಸುತ್ತಿಕೊಂಡು, ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಬರೆದು ಮಾತಾಡುತ್ತಿದ್ದಳು.

ಅವಳ ಮನೆ ಕನ್ನಡಕದ ಅಂಗಡಿಯ ಮೇಲಿನ ಮಹಡಿ. ಮೆಟ್ಟಿಲು ಕಡಿದಾದದ್ದು, ಇಕ್ಕಟ್ಟು, ಒಬ್ಬರು ಇಳಿಯುವಾಗ ಇನ್ನೊಬ್ಬರು ಕೆಳಗೇ ನಿಲ್ಲಬೇಕು. ಮಂಡಿ ಹಿಡಿದುಕೊಂಡು ಹತ್ತಿ ಬಂದವನಿಗೆ ಬಾಗಿಲು ತೆರೆದದ್ದು ಭಾವ. ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ಓದಿ ನಿವೃತ್ತರಾದವರು. “ಬಂದ್ಯಾ” ಅಂದು, ಉತ್ತರಕ್ಕೆ ಕಾಯದೆ, ಕಿಟಕಿ ಪಕ್ಕದ ಕುರ್ಚಿಗೂ ಪತ್ರಿಕೆಗೂ ಮರಳಿದರು. ಭಾವನ ಕಿವಿ ಸ್ವಲ್ಪ ಮಂದ ಎಂದು ಮನೆಯವರೆಲ್ಲ ಒಪ್ಪಿಕೊಂಡು ಬಹಳ ಕಾಲವಾಗಿತ್ತು. ಕಲ್ಲನ್ನಾದರೂ ಮಾತಾಡಿಸಬಹುದು ಎಂದು ಅಕ್ಕ ದನಿಯಿದ್ದ ಕಾಲದಲ್ಲಿ ಹೇಳುತ್ತಿದ್ದಳು.

ಕಂಪ್ಯೂಟರ್ ಒಳಕೋಣೆಯಲ್ಲಿತ್ತು. ಹದಿಮೂರು ವರ್ಷದ ಹಳೆಯದು. ಬಿಳಿ ಪೆಟ್ಟಿಗೆ ಹಳದಿಗೆ ತಿರುಗಿ, ಕೀಲಿಮಣೆಯಲ್ಲಿ ಕೆಲವು ಅಕ್ಷರ ಅಳಿಸಿಹೋಗಿತ್ತು. ಅಕ್ಕ ಇನ್ನೊಂದು ಕುರ್ಚಿ ಎಳೆದು, ನೋಟ್‌ಬುಕ್ ತೆರೆದು, ಮೊದಲೇ ಬರೆದಿಟ್ಟಿದ್ದ ಪುಟ ತೋರಿಸಿದಳು. ‘ಪಾಠ ಅನ್ನೋ ಫೋಲ್ಡರಿನಲ್ಲಿ ನಾನು ರೆಕಾರ್ಡ್ ಮಾಡಿದ ಪಾಠಗಳಿವೆ. ನಲವತ್ತೊಂದು. ಒಂದೂ ತೆರೆಯೋಲ್ಲ.’

ಅವನು ಮೊದಲನೆಯದನ್ನು ಒತ್ತಿದ. ಚೌಕ ಎದ್ದಿತು. ಆಕ್ಸೆಸ್ ಈಸ್ ಡಿನೈಡ್. ಎರಡನೆಯದು. ಅದೇ. ಒಳಗೆ ಬಿಡುವುದಿಲ್ಲ, ಹೋಗು ಅಂತ. ಕಚೇರಿಯಲ್ಲಿ ವಾರಕ್ಕೆ ಎರಡು ಸಲ ನೋಡುವ ಮಾತು, ಅವನಿಗೆ ಆಕಳಿಕೆ ಬಂತು.

“ಈಗ ಇದು ಯಾರಿಗೆ ಅಕ್ಕ? ಪುಸ್ತಕಗಳೇ ಬದಲಾಗಿವೆಯಲ್ಲ” ಅಂದ.

ಅಕ್ಕ ಪೆನ್ನು ಹಿಡಿದು ಹೊಸ ಪುಟ ತಿರುವಿದಳು. ಆಮೇಲೆ ಬರೆದಳು. ‘ನನ್ನ ದನಿ ಹೇಗಿತ್ತು ಅಂತ ನನಗೇ ಮರೀತಾ ಇದೆ.’

ಅವನ ಆಕಳಿಕೆ ಅರ್ಧಕ್ಕೇ ನಿಂತಿತು. ನೆನಪು ಮಾಡಿಕೊಳ್ಳಲು ಅವನೂ ಪ್ರಯತ್ನಿಸಿದ. ಅಕ್ಕ ಆಡಿದ ಮಾತುಗಳು ಬೇಕಾದಷ್ಟು ನೆನಪಾದವು, ದನಿ ಮಾತ್ರ ಬರಲಿಲ್ಲ.

“ಬೇರೆ ಎಲ್ಲೂ ಇಲ್ವಾ? ಫೋನಲ್ಲಿ, ವಿಡಿಯೋಲಿ?”

ಅವಳು ಇಲ್ಲವೆಂದು ತಲೆಯಾಡಿಸಿದಳು. ಮದುವೆಗಳ ವಿಡಿಯೋದಲ್ಲಿ ಅವಳು ಓಡಾಡುತ್ತಾಳೆ, ಮೇಲೆ ಸಂಗೀತ ಹಾಕಿಬಿಟ್ಟಿದ್ದಾರೆ. ಫೋನಿನಲ್ಲಿರುವುದೆಲ್ಲ ಫೋಟೋ. ದಿನವಿಡೀ ಮಾತಾಡುವವಳ ಮಾತನ್ನು ಹಿಡಿದಿಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ದಿನಾ ನಲ್ಲಿಯಲ್ಲಿ ನೀರು ಬರುವ ಮನೆಯವರು ಕೊಡ ತುಂಬಿಡುತ್ತಾರೆಯೇ? ಉಳಿದದ್ದು ಈ ಪಾಠಗಳು. ಜ್ವರಗಿರ ಬಂದು ಶಾಲೆ ತಪ್ಪಿಸಿಕೊಂಡ ಮಕ್ಕಳನ್ನು ಶನಿವಾರ ಮನೆಗೆ ಕರೆಸಿ, ಈ ಕಂಪ್ಯೂಟರಿನ ಮುಂದೆ ಕೂರಿಸಿ ಕೇಳಿಸಲೆಂದು ಆ ಕಾಲದಲ್ಲಿ ಮಾಡಿದ್ದು. ಅವಳು ಅಡುಗೆಮನೆಯಲ್ಲಿ ಕೆಲಸ ಮಾಡಿಕೊಳ್ಳುತ್ತಿದ್ದಳು, ಅವಳ ದನಿ ಒಳಕೋಣೆಯಲ್ಲಿ ಪಾಠ ಮಾಡುತ್ತಿತ್ತು.

“ತೆಗೆದುಕೊಡ್ತೀನಿ. ಇದೇನು ಮಹಾ ಅಲ್ಲ” ಅಂದ. ಅದು ಮಹಾ ಅಲ್ಲವೆಂದೇ ಅವನು ನಂಬಿದ್ದ.

ಹಳೆಯ ಕಂಪ್ಯೂಟರಿನಲ್ಲಿ ಪ್ರತಿ ಫೈಲಿಗೂ ಒಬ್ಬ ಮಾಲೀಕ ಇರುತ್ತಾನೆ. ಮಾಲೀಕ ಅಲ್ಲದವರು ಮುಟ್ಟಿದರೆ ಅದು ಬಿಡುವುದಿಲ್ಲ. ಆದರೆ ಇಡೀ ಯಂತ್ರಕ್ಕೇ ಯಜಮಾನನಾದ ಒಂದು ಖಾತೆ ಬೇರೆ ಇರುತ್ತದೆ, ಆ ಖಾತೆಯಿಂದ ಒಳಹೊಕ್ಕು ‘ಇವತ್ತಿನಿಂದ ಇದಕ್ಕೆ ನಾನು ಮಾಲೀಕ’ ಎಂದು ಬರೆಸಿಕೊಳ್ಳಬಹುದು. ಕಚೇರಿಯಲ್ಲಿ ವರ್ಗವಾಗಿ ಹೋದವರ ಫೈಲುಗಳನ್ನು ಅವನು ಹೀಗೇ ಬಿಡಿಸುತ್ತಿದ್ದ. ಇಲ್ಲೂ ಅದನ್ನೇ ಮಾಡಿದ. ಯಂತ್ರ ಕರಕರ ಸದ್ದು ಮಾಡುತ್ತ, ಒಂದೊಂದು ಹೆಜ್ಜೆಗೂ ಏದುಸಿರು ಬಿಡುತ್ತ, ಇಪ್ಪತ್ತು ನಿಮಿಷ ತೆಗೆದುಕೊಂಡು ಒಪ್ಪಿತು. ನಲವತ್ತೊಂದು ಪಾಠಗಳಿಗೂ ತಮ್ಮನೇ ಮಾಲೀಕ. ಗೆದ್ದೆ ಎಂದುಕೊಂಡು ಮೊದಲನೆಯದನ್ನು ಒತ್ತಿದ.

ಆಕ್ಸೆಸ್ ಈಸ್ ಡಿನೈಡ್.

ಆಗಲೇ ಅವನು ನೋಡಿದ್ದು. ಫೈಲುಗಳ ಹೆಸರುಗಳು ಕಪ್ಪಾಗಿರಲಿಲ್ಲ, ಹಸಿರಾಗಿದ್ದವು. ಬಂದಾಗಿನಿಂದಲೂ ಹಸಿರಾಗಿಯೇ ಇದ್ದವು, ಇವನ ಕಣ್ಣಿಗೆ ಬಿದ್ದಿರಲಿಲ್ಲ. ಹಸಿರು ಅಂದರೆ ಫೈಲನ್ನು ಗುಪ್ತ ಲಿಪಿಗೆ ತಿರುಗಿಸಿ ಬೀಗ ಹಾಕಿದೆ ಎಂದು ಅರ್ಥ. ಮಾಲೀಕನಾದರೇನು ಬಂತು? ಪೆಟ್ಟಿಗೆ ನಿನ್ನ ಹೆಸರಿಗೆ ಆಯಿತು, ಬೀಗದ ಕೈ ಬೇರೆಯವರ ಹತ್ತಿರವೇ ಇದೆ.

“ಅಕ್ಕ, ಇದಕ್ಕೆ ಬೀಗ ಹಾಕಿದ್ದು ಯಾರು?”

‘ನಾನೇ’ ಎಂದು ಬರೆದಳು. ‘ಮಕ್ಕಳು ಅಳಿಸಿಬಿಡ್ತಿದ್ರು. ಶಾಲೆಯ ಲೆಕ್ಕದ ಮೇಷ್ಟ್ರು ಒಂದು ಚೌಕಕ್ಕೆ ಗುರುತು ಹಾಕೋದು ತೋರಿಸಿದ್ರು. ನನ್ನ ಪಾಸ್‌ವರ್ಡ್ ಹಾಕಿ ಒಳಗೆ ಬಂದ್ರೆ ಅದೇ ತೆರೆದುಕೊಳ್ತಿತ್ತು. ಈಗ ನನ್ನ ಹೆಸರಲ್ಲೇ ಬಂದ್ರೂ ತೆರೆಯೋಲ್ಲ. ಒಂದು ತಿಂಗಳಿಂದ.’

ಒಂದು ತಿಂಗಳು. ಅವನ ಕೈ ಮೌಸಿನ ಮೇಲೇ ನಿಂತಿತು.

ತಿಂಗಳ ಹಿಂದೆ ಇಲ್ಲಿಗೆ ಬಂದದ್ದು ಅವನೇ. ಮೂರು ವರ್ಷ ಬಟ್ಟೆ ಮುಚ್ಚಿಟ್ಟಿದ್ದ ಕಂಪ್ಯೂಟರ್, ಪಾಸ್‌ವರ್ಡ್ ಮರೆತುಹೋಗಿದೆ ಎಂದು ಅಕ್ಕ ಕರೆಸಿದ್ದಳು. ಕೆಳಗೆ ಆಟೋ ಕಾಯುತ್ತಿತ್ತು, ಉಗ್ರಾಣದ ಮೇಲ್ವಿಚಾರಕರ ಮನೆಗೆ ಬೇರೆ ಹೋಗಬೇಕಿತ್ತು. ಅವನು ಕೂರಲೂ ಇಲ್ಲ. ಯಜಮಾನನ ಖಾತೆಯಿಂದ ಒಳಹೋಗಿ, ಅಕ್ಕನ ಹಳೆಯ ಪಾಸ್‌ವರ್ಡ್ ಕಿತ್ತುಹಾಕಿ, ಒಂದು ಎರಡು ಮೂರು ನಾಲ್ಕು ಎಂದು ಹೊಸದು ಕೂರಿಸಿ, ಹತ್ತು ನಿಮಿಷದಲ್ಲಿ ಮೆಟ್ಟಿಲಿಳಿದಿದ್ದ. ನಡುವೆ ಒಂದು ಚೌಕ ಎದ್ದಿತ್ತು. ಉದ್ದದ್ದೇ. ಅವನು ಸರಿ ಒತ್ತಿದ್ದ.

ಈಗ ಅದನ್ನೇ ಮತ್ತೆ ಮಾಡಿದ, ಬೇಕೆಂದೇ. ಅದೇ ಚೌಕ ಬಂತು. ಹದಿನೆಂಟು ವರ್ಷದಲ್ಲಿ ಎಷ್ಟು ಸಾವಿರ ಸಲ ಅದನ್ನು ಕಂಡಿದ್ದನೋ, ಕೊನೆಯವರೆಗೆ ಓದಿದ್ದು ಅವತ್ತೇ ಮೊದಲು. ಎಚ್ಚರಿಕೆ ಎಂದಿತ್ತು. ಹೀಗೆ ಪಾಸ್‌ವರ್ಡ್ ಬದಲಿಸಿದರೆ ಈ ಬಳಕೆದಾರರು ಬೀಗ ಹಾಕಿಟ್ಟ ಫೈಲುಗಳೆಲ್ಲ ಅವರಿಗೆ ಸಿಗದಂತಾಗುತ್ತವೆ. ಬದಲಿಸುವ ಮೊದಲು ಅವರನ್ನು ಕೇಳಿ. ಸ್ಪಷ್ಟವಾಗಿ, ಸಣ್ಣ ಮಕ್ಕಳಿಗೂ ತಿಳಿಯುವ ಹಾಗೆ ಬರೆದಿತ್ತು. ಯಂತ್ರವನ್ನು ಬಯ್ಯಲು ಒಂದು ಕಾರಣವೂ ಸಿಗಲಿಲ್ಲ.

ಹೇಳದೆ ಇರಬಹುದಿತ್ತು. ಡಿಸ್ಕ್ ಹಳತಾಗಿದೆ, ಫೈಲು ಕೆಟ್ಟಿದೆ ಅಂದರೆ ಅಕ್ಕ ನಂಬುತ್ತಿದ್ದಳು, ರಿಪೇರಿಯ ಮಾತನ್ನು ಎಲ್ಲರೂ ನಂಬುತ್ತಾರೆ. ಆ ಸುಳ್ಳು ಅವನ ನಾಲಿಗೆಯ ತುದಿಗೂ ಬಂದಿತ್ತು. ಒಂದು ತಿಂಗಳು ಅವಳು ತನ್ನದೇ ಮರೆವು ಅಂದುಕೊಂಡು, ತಮ್ಮ ಸುಸ್ತಾಗಿರುತ್ತಾನೆ ಅಂತ ಕರೆಯದೆ, ದಿನಾ ಇಲ್ಲಿ ಕೂತು ನಲವತ್ತೊಂದು ಫೈಲನ್ನೂ ಒತ್ತಿ ನೋಡಿರಬೇಕು.

“ಅಕ್ಕ, ನಿನ್ನ ತಪ್ಪಲ್ಲ ಇದು. ನಾನು ಮಾಡಿದ್ದು. ಹೋದ ಸಲ ಬಂದಾಗ ಅದು ಕೇಳಿತ್ತು, ಹೀಗೆ ಮಾಡಿದ್ರೆ ಇವು ಹೋಗ್ತವೆ, ಮಾಡ್ಲಾ ಅಂತ. ನಾನು ಸರಿ ಅಂದೆ.”

ಅಕ್ಕ ಅವನ ಮುಖ ನೋಡಿದಳು. ‘ಓದಲಿಲ್ವಾ?’

“ಇಲ್ಲ.”

ಅವಳು ಬರೆದದ್ದನ್ನು ಅವನು ಇನ್ನೂ ಮರೆತಿಲ್ಲ. ‘ಚಿಕ್ಕಂದಿನಿಂದಲೂ ಅಷ್ಟೇ. ಪ್ರಶ್ನೆ ಪೂರ್ತಿ ಓದದೆ ಉತ್ತರ ಬರೀತಿದ್ದೆ. ಎಷ್ಟು ಹೊಡೆದಿದ್ದೀನಿ.’ ಇನ್ನಷ್ಟು ಬಯ್ದಿದ್ದರೆ ಹಗುರಾಗುತ್ತಿತ್ತು. ಅವಳು ಪೆನ್ನು ಕೆಳಗಿಟ್ಟು ಕಿಟಕಿಯಾಚೆ ನೋಡತೊಡಗಿದಳು, ಅವಳ ಕಣ್ಣಲ್ಲಿ ನೀರಿತ್ತು. ಅವನಿಗೆ ಆ ಮೇಜಿನ ಕೆಳಗೆ, ವೈರುಗಳ ನಡುವೆ ಹೋಗಿ ಕೂತುಬಿಡೋಣ ಅನ್ನಿಸಿತು.

ಒಂದೇ ದಾರಿ ಇತ್ತು. ಹಳೆಯ ಪಾಸ್‌ವರ್ಡ್ ಯಾವುದಿತ್ತೋ ಅದನ್ನೇ ಅಕ್ಷರ ತಪ್ಪದೆ ಮತ್ತೆ ಕೂರಿಸಿದರೆ ಯಂತ್ರ ಹಳೆಯ ಬೀಗದ ಕೈಯನ್ನು ಗುರುತು ಹಿಡಿಯುತ್ತದೆ. ಕಚೇರಿಯಲ್ಲಿ ಒಮ್ಮೆ ಹಾಗೆ ಬಚಾವಾಗಿದ್ದ.

“ನೆನಪು ಮಾಡ್ಕೋ ಅಕ್ಕ. ಏನಿಟ್ಟಿದ್ದೆ?”

ಅವಳು ಗೊತ್ತಿಲ್ಲ ಎಂದು ಕೈ ಆಡಿಸಿದಳು. ಆದರೆ ಅವನಿಗೆ ಇನ್ನೊಂದು ನೆನಪಾಯಿತು. ಮರೆತವರಿಗೆ ಸುಳಿವು ಕೊಡಲೆಂದು ಯಂತ್ರ ಒಂದು ಸಾಲು ತೋರಿಸುತ್ತದೆ. ಅಂದು ಅದನ್ನು ಕಂಡೂ ಯಾರಿಗೆ ಬೇಕು ಎಂದು ಮುಂದೆ ಹೋಗಿದ್ದ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಮನೆಮಾತು ಅದು. ‘ದಿನಾ ಕೂಗೋದು’ ಅಂತ.

“ನೀನು ದಿನಾ ಏನು ಕೂಗ್ತಿದ್ದೆ?”

ಅಕ್ಕನ ಪೆನ್ನು ಕಾಗದದ ಮೇಲೆ ನಿಂತೇ ಇತ್ತು. ದಿನಾ ಕೂಗಿದ್ದು ಕೂಗಿದವರಿಗೆ ಎಲ್ಲಿ ನೆನಪಿರುತ್ತದೆ? ಕೇಳಿದವರಿಗೆ ಇರಬೇಕು. ಅವನು ತನ್ನ ಕಿವಿಯನ್ನೇ ಕೆದಕಿದ. ಕ್ಲಾಸಿನಲ್ಲಿ ‘ಸದ್ದು’ ಅನ್ನುತ್ತಿದ್ದಳಲ್ಲ, ಅದನ್ನು ಹಾಕಿದ. ಒಂದು ಊಹೆಗೆ ಏಳು ನಿಮಿಷ. ಪಾಸ್‌ವರ್ಡ್ ಕೂರಿಸಬೇಕು, ಯಜಮಾನನ ಖಾತೆಯಿಂದ ಹೊರಬರಬೇಕು, ಅಕ್ಕನ ಹೆಸರಲ್ಲಿ ಒಳಗೆ ಹೋಗಬೇಕು, ಯಂತ್ರ ಕರಕರ ಅಂದು ತಯಾರಾಗುವವರೆಗೆ ಕಾಯಬೇಕು, ಫೈಲು ಒತ್ತಬೇಕು. ಡಿನೈಡ್. ಹೊರಡುವವರಿಗೆಲ್ಲ ಮೆಟ್ಟಿಲ ತುದಿಯಿಂದ ‘ಗೇಟು ಹಾಕಿ’ ಅನ್ನುತ್ತಿದ್ದಳು. ಏಳು ನಿಮಿಷ. ಡಿನೈಡ್. ತನ್ನನ್ನು ಎಬ್ಬಿಸಲು ‘ಏಳೋ’ ಅನ್ನುತ್ತಿದ್ದಳು. ಅದು ನಲವತ್ತು ವರ್ಷ ಹಿಂದಿನ ಮಾತು, ಆದರೂ ಒಂದು ಆಸೆ, ಅಕ್ಕ ತಮ್ಮನನ್ನು ಕೂಗುತ್ತಿದ್ದ ಮಾತಿನಲ್ಲೇ ಬೀಗ ಹಾಕಿರಬಹುದೇನೋ ಎಂದು. ಡಿನೈಡ್. ‘ಊಟಕ್ಕೆ ಬನ್ನಿ’, ‘ನೀರು ಬಂತು’, ‘ಯಾರದು’. ಒಂದೊಂದನ್ನೂ ಎರಡೆರಡು ಥರ ಸ್ಪೆಲ್ಲಿಂಗ್ ಮಾಡಿ ಹಾಕಿದ. ಹನ್ನೆರಡೂವರೆ ಆಯಿತು, ಒಂದೂವರೆ ಆಯಿತು. ಊಟ ತಟ್ಟೆಯಲ್ಲೇ ಆರಿತು. ಅವನ ಬೆನ್ನು ಹಲಗೆಯಾಗಿತ್ತು. ಅಕ್ಕ ಅವನ ತೋಳು ತಟ್ಟಿ ಬರೆದಳು. ‘ಸಾಕು ಬಿಡು. ಮನೆಗೆ ಹೋಗು. ನಾಳೆ ಕೆಲಸ ಇದೆ ನಿನಗೆ.’

ಅವನು ಬಾಯಿಗೆ ಬಂದ ಸರಿಯನ್ನು ನುಂಗಿದ. “ಇಲ್ಲ, ಹೋಗೋಲ್ಲ” ಅಂದ.

ಆಗ ಬಾಗಿಲಲ್ಲಿ ಭಾವ ನಿಂತಿದ್ದರು. ಪತ್ರಿಕೆ ಮಡಿಸಿ ಕಂಕುಳಲ್ಲಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

“ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲಪ್ಪ” ಅಂದರು.

“ಕಂಪ್ಯೂಟರ್ ಬಗ್ಗೆ ನಿಮಗೇನು ಗೊತ್ತು ಭಾವ?” ಅವನ ದನಿಯಲ್ಲಿ ಸಿಡುಕಿತ್ತು. ಬೆಳಗಿನಿಂದ ಪೇಪರಿನ ಹಿಂದೆ ಕೂತವರ ಮೇಲೆ ಅಷ್ಟಾದರೂ ಸಿಟ್ಟು ಬರಬೇಡವೇ.

“ಕಂಪ್ಯೂಟರ್ ಗೊತ್ತಿಲ್ಲ. ಅವಳು ದಿನಾ ಏನು ಕೂಗ್ತಿದ್ಲು ಅಂತ ಗೊತ್ತು. ಕೂಗ್ತಿದ್ದಿದ್ದು ನನ್ನನ್ನೇ ತಾನೆ.” ಸ್ವಲ್ಪ ತಡೆದು, “ರೀ ಅಂತ” ಅಂದರು.

ಅವನು ಹಣೆ ಚಚ್ಚಿಕೊಂಡ. ಅದಕ್ಕಿಂತ ಹೆಚ್ಚು ಸಲ ಅಕ್ಕನ ಬಾಯಿಂದ ಬಂದ ಅಕ್ಷರ ಇನ್ನೊಂದಿರಲಿಕ್ಕಿಲ್ಲ. ಈ ಮನೆಯ ಮೆಟ್ಟಿಲು ಹತ್ತುವಾಗಲೇ ಕೇಳಿಸುತ್ತಿತ್ತು. ಆದರೆ ಅನುಮಾನವೂ ಬಂತು. “ಒಂದಕ್ಷರದ ಪಾಸ್‌ವರ್ಡ್ ಯಾರಾದ್ರೂ ಇಡ್ತಾರಾ?”

“ಒಂದಲ್ಲ. ಮೂರು ಸಲ. ರೀ, ರೀ, ರೀ. ಮೊದಲನೇದು ಮೆತ್ತಗೆ, ಎರಡನೇದು ಸ್ವಲ್ಪ ಜೋರು. ಮೂರನೇದಕ್ಕೆ ನಾನು ಏಳ್ತಿದ್ದೆ. ಮೊದಲನೇದೂ ಕೇಳಿಸ್ತಿತ್ತು, ಎರಡನೇದೂ ಕೇಳಿಸ್ತಿತ್ತು” ಅಂದರು ಭಾವ, ನೆಲ ನೋಡುತ್ತ.

ಅಕ್ಕ ನೋಟ್‌ಬುಕ್ಕನ್ನು ಎಳೆದುಕೊಂಡ ರಭಸಕ್ಕೆ ಪುಟದ ಮೂಲೆ ಹರಿಯಿತು. ‘ಕೇಳಿಸ್ತಿತ್ತಾ?’ ಎಂದು ದಪ್ಪಕ್ಷರದಲ್ಲಿ ಬರೆದು ಗಂಡನ ಕಡೆ ತಿರುಗಿಸಿ ಹಿಡಿದಳು. ಅವರ ಕಿವಿ ತೋರಿಸಲು ಎರಡು ಸಲ ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು ಅವಳು.

“ಕೇಳಿಸ್ತಿತ್ತು.”

‘ಮತ್ತೆ?’

“ಹೇಗಿದ್ರೂ ಇನ್ನೊಂದು ಸಲ ಕರೀತಾಳಲ್ಲ ಅಂತ” ಅಂದರು ಭಾವ.

ತಮ್ಮ ಎಲ್ಲಿ ನೋಡಬೇಕೋ ತಿಳಿಯದೆ ಪರದೆಯನ್ನೇ ನೋಡಿದ. ಹಳೆಯ ಪಾಸ್‌ವರ್ಡ್ ಕೂರಿಸುವ ಜಾಗ ತೆರೆದು, ಸ್ಪೆಲ್ಲಿಂಗ್ ಹೇಗೆ ಎಂದು ಕೇಳಲು ತಿರುಗಿದ. ಅಷ್ಟರಲ್ಲಿ ಅಕ್ಕ ಕೀಲಿಮಣೆಯನ್ನು ತನ್ನ ಕಡೆ ಎಳೆದುಕೊಂಡಿದ್ದಳು. ಯೋಚಿಸಲಿಲ್ಲ. ಒಂದೇ ಬೆರಳಿನಲ್ಲಿ, ಆದರೆ ಬಡಬಡನೆ, ಒತ್ತಿದಳು. ಆರ್, ಈ, ಈ. ಮತ್ತೆ ಅದೇ, ಮತ್ತೂ ಅದೇ. ಒಂಬತ್ತು ಚುಕ್ಕೆಗಳು ಬಿದ್ದವು. ಅವಳಿಗೆ ಮರೆತುಹೋಗಿತ್ತು, ಬೆರಳಿಗೆ ಮರೆತಿರಲಿಲ್ಲ.

ಮತ್ತೆ ಎಚ್ಚರಿಕೆಯ ಚೌಕ ಎದ್ದಿತು. ಅವನು ಅದನ್ನು ಪೂರ್ತಿ ಓದಿ, ಆಮೇಲೆ ಒತ್ತಿದ.

ಏಳು ನಿಮಿಷ. ಅಕ್ಕ ಕಣ್ಣು ಮುಚ್ಚಿಕೊಂಡಿದ್ದಳು. ಭಾವ ಬಾಗಿಲಲ್ಲೇ ನಿಂತಿದ್ದರು, ಒಳಗೆ ಬನ್ನಿ ಎಂದು ಯಾರೂ ಅನ್ನಲಿಲ್ಲ, ಅವರೂ ಬರಲಿಲ್ಲ. ಫೋಲ್ಡರ್ ತೆರೆಯಿತು, ಹಸಿರು ಹೆಸರುಗಳು ಸಾಲಾಗಿ ನಿಂತವು. ಕಣ್ಣಿಗೆ ಬಿದ್ದ ಯಾವುದೋ ಒಂದನ್ನು ಅವನು ಒತ್ತಿದ. ಚೌಕ ಬರಲಿಲ್ಲ. ಸ್ಪೀಕರಿನಲ್ಲಿ ಮೊದಲು ಕುರ್ಚಿ ಎಳೆದ ಸದ್ದು, ಆಮೇಲೆ ಗಂಟಲು ಸರಿಮಾಡಿಕೊಂಡ ಸದ್ದು.

“ಮಕ್ಕಳೇ, ಇವತ್ತು ನೀರು ಹೇಗೆ ಆವಿ ಆಗುತ್ತೆ ಅಂತ ನೋಡೋಣ. ಪುಸ್ತಕ ಮುಚ್ಚಿ. ಮುಚ್ಚಿ ಅಂದೆ.”

ಅವನ ಕೈ ತಾನಾಗಿ ಮೌಸು ಬಿಟ್ಟು ತೊಡೆಯ ಮೇಲೆ ಬಂದು ಕೂತಿತು. ಹೌದು, ಇದೇ. ಅಂಚಿನಲ್ಲಿ ಸ್ವಲ್ಪ ಒಡಕು, ನಡುವೆ ಕಂಚು, ಕೊನೆಯ ಪದವನ್ನು ಎತ್ತಿ ಕುಕ್ಕುವ ರೀತಿ. ಹೇಗೆ ಮರೆತಿದ್ದೆ ಎಂದು ತನ್ನ ಮೇಲೇ ನಾಚಿಕೆಯಾಯಿತು. ಅಕ್ಕ ಸ್ಪೀಕರಿನ ಕಡೆ ಬಾಗಿ, ತಲೆ ಓರೆ ಮಾಡಿ ಕೇಳುತ್ತಿದ್ದಳು, ಬೇರೆ ಯಾವುದೋ ಶಾಲೆಯ ಟೀಚರನ್ನು ಪರೀಕ್ಷೆ ಮಾಡುವವಳ ಹಾಗೆ. ಸ್ವಲ್ಪ ಹೊತ್ತಿಗೆ ಬರೆದಳು. ‘ಇಷ್ಟು ಜೋರಾಗಿತ್ತಾ ನನ್ನ ದನಿ?’

ತಮ್ಮ ನಗಲು ಹೋಗಿ ಬಿಕ್ಕಿದ. “ಇದಕ್ಕಿಂತ ಜೋರಿತ್ತು.”

ಭಾವ ಒಳಗೆ ಬಂದರು. ಪತ್ರಿಕೆಯನ್ನು ಮಂಚದ ಮೇಲಿಟ್ಟು, ಗೋಡೆಗೆ ಒರಗಿಸಿದ್ದ ಮಡಚುವ ಕುರ್ಚಿಯನ್ನು ಬಿಡಿಸಿ, ಹೆಂಡತಿಯ ಪಕ್ಕ ಹಾಕಿಕೊಂಡು ಕೂತರು. ಎರಡೂ ಕೈ ಮಂಡಿಯ ಮೇಲೆ, ಬೆನ್ನು ನೆಟ್ಟಗೆ. ಮದುವೆಯಾದ ಮೂವತ್ತನಾಲ್ಕು ವರ್ಷದಲ್ಲಿ ಅವಳ ಮಾತಿಗೆ ಅವರು ಹೀಗೆ ಕೂತಿದ್ದನ್ನು ತಮ್ಮ ಕಂಡಿರಲಿಲ್ಲ. ಸ್ಪೀಕರಿನಲ್ಲಿ ಅಕ್ಕ ಹೇಳುತ್ತಿದ್ದಳು, ನೀರು ಕುದ್ದರೇ ಆವಿಯಾಗಬೇಕೆಂದಿಲ್ಲ, ಒದ್ದೆ ಬಟ್ಟೆ ನೆರಳಿನಲ್ಲೂ ಒಣಗುತ್ತದೆ, ತಟ್ಟೆಯಲ್ಲಿಟ್ಟ ನೀರು ಯಾರೂ ಮುಟ್ಟದೆ ಇದ್ದರೂ ದಿನಾ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತದೆ, ಹೋಗುವುದು ಕಣ್ಣಿಗೆ ಕಾಣುವುದಿಲ್ಲ. ಆಮೇಲೆ ಕೇಳಿದಳು.

“ಅರ್ಥ ಆಯ್ತಾ?”

ಜ್ವರದಿಂದ ಎದ್ದು ಬಂದ ಮಗು ಉತ್ತರ ಕೊಡಲೆಂದು ಅಲ್ಲಿ ಅವಳು ಸ್ವಲ್ಪ ಜಾಗ ಬಿಟ್ಟಿದ್ದಳು. ಸ್ಪೀಕರಿನಲ್ಲಿ ಬರೀ ಗಾಳಿಯ ಸದ್ದು.

“ಆಯ್ತು” ಅಂದರು ಭಾವ.

ಅಕ್ಕ ಅವರ ಕಡೆ ತಿರುಗಿದಳು. ದನಿ ಪಾಠದ ಮುಂದಿನ ಭಾಗಕ್ಕೆ ಹೋಯಿತು.